ಗಸಗಸೆಯಿಂದ ಹೆರಾಯಿನ್‌ವರೆಗೆ: ಕಾನೂನು ಡ್ರಗ್ಸನ್ನು ವಿಂಗಡಿಸೋದು ಹೇಗೆ?

ಈ ಸಲದ ಪಾಠವನ್ನು ಒಂದು ಸುಲಭದ ಪ್ರಶ್ನೆಯಿಂದ ಶುರು ಮಾಡೋಣ. ಹಬ್ಬದ ದಿನ ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಗಡದ್ದಾಗಿ ನಿದ್ದೆ ಹೊಡೆಯೋದು ನಮಗೆಲ್ಲ ಗೊತ್ತು. ಆದ್ರೆ ಆ ಗಸಗಸೆ ಯಾವ ಗಿಡದ ಬೀಜ?

ಅಫೀಮಿನ ಗಿಡದ್ದು. ಹೌದು, ಅದೇ ಗಿಡ. ಅದರ ಹಸಿ ಕಾಯಿಯಿಂದ ಬರುವ ಹಾಲು ಗಟ್ಟಿಯಾದರೆ ಅಫೀಮು. ಅಫೀಮಿನಿಂದ ಬೇರ್ಪಡಿಸಿದರೆ ಮಾರ್ಫಿನ್ ಮತ್ತು ಕೊಡೀನ್. ಮಾರ್ಫಿನ್ನನ್ನು ರಾಸಾಯನಿಕವಾಗಿ ಬದಲಾಯಿಸಿದರೆ ಹೆರಾಯಿನ್. ಗಸಗಸೆ ಕಿರಾಣಿ ಅಂಗಡಿಯಲ್ಲಿ ಸಿಗುತ್ತೆ. ಕೊಡೀನ್ ಕೆಲವು ಕೆಮ್ಮಿನ ಸಿರಪ್ಪುಗಳಲ್ಲಿ ಇರುತ್ತೆ. ಮಾರ್ಫಿನ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೋವು ಕಡಿಮೆ ಮಾಡುತ್ತೆ. ಹೆರಾಯಿನ್ ಕೈಯಲ್ಲಿದ್ದರೆ ಜೈಲು. ಗಿಡ ಒಂದೇ, ಕಾನೂನಿನ ಡಬ್ಬಗಳು ಮಾತ್ರ ಬೇರೆ ಬೇರೆ.

ಈ ಡಬ್ಬಗಳನ್ನು ಯಾರು ಮಾಡಿದರು, ಯಾವ ಲೆಕ್ಕದಲ್ಲಿ ಮಾಡಿದರು ಅನ್ನೋದೇ ಇವತ್ತಿನ ವಿಷಯ. "ಡ್ರಗ್ಸ್ ಬೇಡ" ಅನ್ನೋ ಪೋಸ್ಟರ್ ಕಾಲೇಜಿನ ಗೋಡೆಗಳ ಮೇಲೆ ಬೇಕಾದಷ್ಟಿವೆ. ಆದರೆ ಕಾನೂನು ಯಾವುದನ್ನು ಡ್ರಗ್ ಅನ್ನುತ್ತೆ, ಎಷ್ಟು ಗ್ರಾಮಿಗೆ ಎಷ್ಟು ವರ್ಷ ಅನ್ನೋದು ನಮ್ಮ ಸಿಲಬಸ್ಸಿನಲ್ಲಿ ಬರೋದಿಲ್ಲ. ನಮ್ಮ ವಯಸ್ಸಿನವರಿಗೆ ಇದು ಗೊತ್ತಿರಲೇಬೇಕು.

ಜಗತ್ತಿನ ಮೂರು ಒಪ್ಪಂದಗಳು

ಅಂತಾರಾಷ್ಟ್ರೀಯ ಮಟ್ಟದಲ್ಲಿ ಮೂರು ವಿಶ್ವಸಂಸ್ಥೆಯ ಒಪ್ಪಂದಗಳಿವೆ.

ಮೊದಲನೆಯದು 1961ರ ಮಾದಕ ದ್ರವ್ಯಗಳ ಏಕೀಕೃತ ಒಪ್ಪಂದ. ಇದು ಮುಖ್ಯವಾಗಿ ಮೂರು ಗಿಡಗಳ ಸುತ್ತ ಹೆಣೆದದ್ದು: ಅಫೀಮು, ಕೋಕಾ, ಗಾಂಜಾ. ಇವುಗಳಿಂದ ಬರುವ ಮಾರ್ಫಿನ್, ಹೆರಾಯಿನ್, ಕೊಕೇನ್, ಜೊತೆಗೆ ಅವುಗಳ ಹಾಗೆ ಕೆಲಸ ಮಾಡುವ ಮೆಥಡೋನ್, ಫೆಂಟನಿಲ್‌ನಂಥ ಕೃತಕ ಔಷಧಿಗಳೂ ಇದರೊಳಗೆ ಬರುತ್ತವೆ.

ಎರಡನೆಯದು 1971ರ ಮನಃಪ್ರಭಾವಿ ವಸ್ತುಗಳ ಒಪ್ಪಂದ. ಲ್ಯಾಬಿನಿಂದ ಬಂದ ಎಲ್‌ಎಸ್‌ಡಿ, ಆಂಫೆಟಮೀನ್, ನಿದ್ದೆ ಮಾತ್ರೆಗಳು ಇವೆಲ್ಲ ಹಳೆಯ ಒಪ್ಪಂದದೊಳಗೆ ಹಿಡಿಸಲಿಲ್ಲ. ಅದಕ್ಕೇ ಹೊಸದೊಂದು ಬೇಕಾಯಿತು.

ಮೂರನೆಯದು 1988ರ ಒಪ್ಪಂದ. ಇದು ಕಳ್ಳಸಾಗಣೆಯ ವಿರುದ್ಧದ್ದು. ಡ್ರಗ್ಸ್ ತಯಾರಿಕೆಗೆ ಬಳಕೆಯಾಗಬಹುದಾದ ಕಚ್ಚಾ ರಾಸಾಯನಿಕಗಳ ಎರಡು ಪಟ್ಟಿ ಇದರಲ್ಲಿವೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾವು ಕೈಯಲ್ಲಿ ಹಿಡಿದಿರೋ ಅಸಿಟೋನ್, ಟಾಲುಯಿನ್, ಸಲ್ಫ್ಯೂರಿಕ್ ಆಸಿಡ್ ಕೂಡ ಎರಡನೇ ಪಟ್ಟಿಯಲ್ಲಿವೆ! ಗಾಬರಿಯಾಗಬೇಡಿ. ಇವನ್ನು ಬಳಸೋದು ತಪ್ಪಲ್ಲ, ದೊಡ್ಡ ಪ್ರಮಾಣದ ವ್ಯಾಪಾರದ ಮೇಲೆ ಒಂದು ಕಣ್ಣಿರಬೇಕು ಅನ್ನೋದಷ್ಟೇ ಉದ್ದೇಶ.

ನಂಬರ್ ನೋಡಿ ಮೋಸ ಹೋಗಬೇಡಿ

1961 ಮತ್ತು 1971ರ ಎರಡೂ ಒಪ್ಪಂದಗಳಲ್ಲಿ ನಾಲ್ಕು ನಾಲ್ಕು ಶೆಡ್ಯೂಲ್‌ಗಳಿವೆ. ಇಲ್ಲೇ ಒಂದು ಗೊಂದಲ ಇದೆ.

1971ರ ಒಪ್ಪಂದದಲ್ಲಿ ಶೆಡ್ಯೂಲ್ ಒಂದು ಅತ್ಯಂತ ಬಿಗಿ, ನಾಲ್ಕು ಅತ್ಯಂತ ಸಡಿಲ. ಎಲ್‌ಎಸ್‌ಡಿ, ಎಂಡಿಎಂಎ ಒಂದರಲ್ಲಿವೆ. ಡಯಾಜೆಪಾಮ್, ಆಲ್ಪ್ರಜೊಲಾಮ್‌ನಂಥ ನಿದ್ದೆ ಮತ್ತು ಆತಂಕದ ಮಾತ್ರೆಗಳು ನಾಲ್ಕರಲ್ಲಿವೆ.

1961ರ ಒಪ್ಪಂದದಲ್ಲಿ ಹೀಗಿಲ್ಲ. ಶೆಡ್ಯೂಲ್ ಒಂದರಲ್ಲಿ ಅಫೀಮು, ಮಾರ್ಫಿನ್, ಕೊಕೇನ್, ಹೆರಾಯಿನ್ ಎಲ್ಲ ಇವೆ. ಕೊಡೀನ್ ಎರಡರಲ್ಲಿ. ಮೂರರಲ್ಲಿ ಕಡಿಮೆ ಪ್ರಮಾಣದ ಡ್ರಗ್ ಇರೋ ಔಷಧಿ ಮಿಶ್ರಣಗಳು, ಉದಾಹರಣೆಗೆ ಕೊಡೀನ್ ಇರೋ ಕೆಮ್ಮಿನ ಸಿರಪ್. ನಾಲ್ಕನೆಯದು? ಅದು ಒಂದನೇ ಶೆಡ್ಯೂಲಿನಿಂದಲೇ ಆರಿಸಿದ, ಇನ್ನೂ ಹೆಚ್ಚು ಅಪಾಯ ಅಂತ ತೀರ್ಮಾನಿಸಿದ ಹೆಸರುಗಳ ಪಟ್ಟಿ. ಹೆರಾಯಿನ್ ಇಲ್ಲಿದೆ.

ಅಂದ್ರೆ "ಶೆಡ್ಯೂಲ್ ನಾಲ್ಕು" ಅಂತ ಯಾರಾದರೂ ಹೇಳಿದರೆ ಅದು ಹೆರಾಯಿನ್ ಕೂಡ ಆಗಬಹುದು, ವೈದ್ಯರು ಬರೆದುಕೊಟ್ಟ ಡಯಾಜೆಪಾಮ್ ಕೂಡ ಆಗಬಹುದು. ಯಾವ ಒಪ್ಪಂದ ಅಂತ ಕೇಳದೆ ನಂಬರಿಗೆ ಅರ್ಥವೇ ಇಲ್ಲ. ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೇಳೋದಾದರೆ, ಇಂಡೆಕ್ಸ್ ಒಂದೇ, ಅರೇ ಬೇರೆ.

ಅಮೆರಿಕದ 1970ರ ಕಾನೂನಿನಲ್ಲಿ ಐದು ಶೆಡ್ಯೂಲ್‌ಗಳಿವೆ, ಒಂದು ಅತ್ಯಂತ ಬಿಗಿ. ಬ್ರಿಟನ್ನಿನ 1971ರ ಕಾನೂನಿನಲ್ಲಿ ಶಿಕ್ಷೆಗೆ ಎ, ಬಿ, ಸಿ ಅನ್ನೋ ಮೂರು ವರ್ಗಗಳಿವೆ, ವೈದ್ಯಕೀಯ ಬಳಕೆಗೆ ಬೇರೆಯದೇ ಶೆಡ್ಯೂಲ್‌ಗಳಿವೆ. ಹೆರಾಯಿನ್ ಅಮೆರಿಕದಲ್ಲಿ ಶೆಡ್ಯೂಲ್ ಒಂದು, ಅಂದ್ರೆ ವೈದ್ಯಕೀಯ ಉಪಯೋಗವೇ ಇಲ್ಲ ಅಂತ ಕಾನೂನು ಹೇಳುತ್ತೆ. ಬ್ರಿಟನ್ನಿನಲ್ಲಿ ಅದೇ ಅಣು ಡೈಮಾರ್ಫಿನ್ ಅನ್ನೋ ಹೆಸರಿನಲ್ಲಿ ಆಸ್ಪತ್ರೆಗಳಲ್ಲಿ ನೋವಿಗೆ ಕೊಡುವ ಔಷಧಿ. ಬೀದಿಯಲ್ಲಿ ಸಿಕ್ಕಿಬಿದ್ದರೆ ಮಾತ್ರ ಅತ್ಯಂತ ಗಂಭೀರವಾದ ಎ ವರ್ಗ. ಅಣುವಿನ ರಚನೆ ಎರಡೂ ದೇಶದಲ್ಲಿ ಒಂದೇ. ಬೇರೆಯಾಗಿರೋದು ಆ ಸಮಾಜ ತೆಗೆದುಕೊಂಡ ತೀರ್ಮಾನ.

ಹೊಸ ಹೆಸರು ಪಟ್ಟಿಗೆ ಸೇರೋದು ಹೇಗೆ?

1961 ಮತ್ತು 1971ರ ಪಟ್ಟಿಗಳಿಗೆ ಒಂದು ವಸ್ತುವನ್ನು ಸೇರಿಸಬೇಕಾದರೆ ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಪರಿಶೀಲಿಸುತ್ತೆ. ಚಟ ಹಿಡಿಸುತ್ತಾ? ಸಮಾಜಕ್ಕೆ ಎಷ್ಟು ಹಾನಿ? ಔಷಧಿಯಾಗಿ ಎಷ್ಟು ಬೇಕು? ಆಮೇಲೆ ವಿಯೆನ್ನಾದಲ್ಲಿರುವ ಮಾದಕ ದ್ರವ್ಯಗಳ ಆಯೋಗದಲ್ಲಿ 53 ಸದಸ್ಯ ದೇಶಗಳು ವೋಟು ಹಾಕುತ್ತವೆ. ವಿಜ್ಞಾನ ಸಲಹೆ ಕೊಡುತ್ತೆ, ತೀರ್ಮಾನ ಮಾಡೋದು ವೋಟು.

2020ರ ಡಿಸೆಂಬರ್ 2ರಂದು ಹೀಗೊಂದು ವೋಟಿಂಗ್ ನಡೆಯಿತು. ಗಾಂಜಾವನ್ನು 1961ರ ಒಪ್ಪಂದದ ನಾಲ್ಕನೇ ಶೆಡ್ಯೂಲಿನಿಂದ ತೆಗೆಯಬೇಕಾ ಅನ್ನೋದು ಪ್ರಶ್ನೆ. ಪರವಾಗಿ 27, ವಿರುದ್ಧ 25, ಒಂದು ದೇಶ ತಟಸ್ಥ. ಭಾರತ ಪರವಾಗಿ ವೋಟು ಹಾಕಿತು. "ಗಾಂಜಾ ಲೀಗಲ್ ಆಯ್ತಂತೆ" ಅಂತ ಅರ್ಥ ಮಾಡಿಕೊಂಡವರಿಗೆ ಉತ್ತರ: ಇಲ್ಲ. ಅದು ಶೆಡ್ಯೂಲ್ ಒಂದರಲ್ಲಿ ಹಾಗೇ ಉಳಿದಿದೆ. ಭಾರತದ ಕಾನೂನಿನಲ್ಲಂತೂ ಆ ವೋಟಿನಿಂದ ಒಂದಕ್ಷರವೂ ಬದಲಾಗಲಿಲ್ಲ.

ಕೆಟಮೀನ್ ಕಥೆ ಇದಕ್ಕೆ ಉಲ್ಟಾ. ಆಪರೇಷನ್ನಿಗೆ ಅರಿವಳಿಕೆ ಕೊಡಲು ಬಳಸುವ ಈ ಔಷಧಿಯನ್ನು ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿಸಬೇಕು ಅಂತ ಚೀನಾ ಕೇಳಿತ್ತು. ವಿಶ್ವ ಆರೋಗ್ಯ ಸಂಸ್ಥೆ ಬೇಡ ಅಂದಿತು. ಕಾರಣ, ದೊಡ್ಡ ಯಂತ್ರಗಳಿಲ್ಲದ ಬಡ ದೇಶಗಳ ಆಸ್ಪತ್ರೆಗಳಲ್ಲಿ ಅರಿವಳಿಕೆಗೆ ಇದೇ ಆಧಾರ. ಪಟ್ಟಿಗೆ ಸೇರಿಸಿದರೆ ಅಲ್ಲಿ ಸಿಗೋದೇ ಕಷ್ಟ ಆಗುತ್ತೆ. ಹಾಗಾಗಿ ಅದು ಅಂತಾರಾಷ್ಟ್ರೀಯ ಪಟ್ಟಿಯಲ್ಲಿಲ್ಲ. ಆದರೆ ಭಾರತ 2011ರಲ್ಲೇ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. 2018ರಲ್ಲಿ ನೋವಿನ ಔಷಧಿ ಟ್ರಮಡಾಲ್ ಅನ್ನೂ ಸೇರಿಸಿತು. ಒಪ್ಪಂದದಲ್ಲಿ ಇರೋದಕ್ಕಿಂತ ಬಿಗಿಯಾದ ನಿಯಮ ಮಾಡಿಕೊಳ್ಳಲು ದೇಶಗಳಿಗೆ ಸ್ವಾತಂತ್ರ್ಯ ಇದೆ.

ನಮ್ಮ ದೇಶದ ಡಬ್ಬಗಳು

ಭಾರತದಲ್ಲಿ ಮುಖ್ಯ ಕಾನೂನು 1985ರ ಎನ್‌ಡಿಪಿಎಸ್ ಕಾಯ್ದೆ. ಅದಕ್ಕೂ ಮೊದಲು ಬ್ರಿಟಿಷರ ಕಾಲದ ಅಫೀಮು ಕಾಯ್ದೆಗಳು, 1930ರ ಅಪಾಯಕಾರಿ ಔಷಧಿಗಳ ಕಾಯ್ದೆ ಇದ್ದವು. 1985ರ ಕಾಯ್ದೆಯಲ್ಲಿ ಮೂರು ಡಬ್ಬಗಳಿವೆ.

- ಮಾದಕ ದ್ರವ್ಯಗಳು: ಅಫೀಮು, ಕೋಕಾ, ಗಾಂಜಾ, ಚರಸ್, ಮಾರ್ಫಿನ್, ಹೆರಾಯಿನ್, ಕೊಕೇನ್ ಇತ್ಯಾದಿ. 1961ರ ಒಪ್ಪಂದದ ದಾರಿಯಲ್ಲೇ.
- ಮನಃಪ್ರಭಾವಿ ವಸ್ತುಗಳು: ಎಲ್‌ಎಸ್‌ಡಿ, ಎಂಡಿಎಂಎ, ಆಂಫೆಟಮೀನ್, ಆಲ್ಪ್ರಜೊಲಾಮ್ ಇತ್ಯಾದಿ. 1971ರ ಒಪ್ಪಂದದ ದಾರಿಯಲ್ಲಿ.
- ನಿಯಂತ್ರಿತ ವಸ್ತುಗಳು: ಎಫೆಡ್ರಿನ್, ಅಸಿಟಿಕ್ ಅನ್‌ಹೈಡ್ರೈಡ್‌ನಂಥ ಕಚ್ಚಾ ರಾಸಾಯನಿಕಗಳು. 1988ರ ಒಪ್ಪಂದದ ದಾರಿಯಲ್ಲಿ.

ಸೆಕ್ಷನ್ 8 ಮಾದಕ ದ್ರವ್ಯ ಮತ್ತು ಮನಃಪ್ರಭಾವಿ ವಸ್ತುಗಳ ಉತ್ಪಾದನೆ, ಇಟ್ಟುಕೊಳ್ಳೋದು, ಮಾರೋದು, ಸಾಗಿಸೋದು, ಸೇವಿಸೋದನ್ನೆಲ್ಲ ನಿಷೇಧಿಸುತ್ತೆ. ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶಕ್ಕೆ, ನಿಯಮದ ಪ್ರಕಾರ ಮಾತ್ರ ವಿನಾಯಿತಿ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ಕೆಲವು ಜಿಲ್ಲೆಗಳಲ್ಲಿ ರೈತರು ಲೈಸೆನ್ಸ್ ಪಡೆದು ಅಫೀಮು ಬೆಳೆಯೋದು ಈ ವಿನಾಯಿತಿಯಲ್ಲೇ. ಅದು ನೀಮಚ್ ಮತ್ತು ಘಾಜಿಪುರದ ಸರ್ಕಾರಿ ಕಾರ್ಖಾನೆಗಳಿಗೆ ಹೋಗಿ ಔಷಧಿಯಾಗುತ್ತೆ.

ಹಾಗಾದರೆ ನಮ್ಮ ಪಾಯಸದ ಗಸಗಸೆ? ಕಾಯ್ದೆ "ಪಾಪಿ ಸ್ಟ್ರಾ" ಅನ್ನೋದಕ್ಕೆ ವ್ಯಾಖ್ಯಾನ ಕೊಡುವಾಗ, ಕೊಯ್ಲಿನ ನಂತರ ಅಫೀಮಿನ ಗಿಡದ ಎಲ್ಲ ಭಾಗಗಳನ್ನೂ ಸೇರಿಸಿ ಬೀಜವನ್ನು ಮಾತ್ರ ಹೊರಗಿಡುತ್ತೆ. 1961ರ ಒಪ್ಪಂದದಲ್ಲೂ ಹೀಗೇ ಇದೆ. ಇದೊಂದು ಸಣ್ಣ ವಿನಾಯಿತಿ ಇಲ್ಲದಿದ್ದರೆ ಸಾಗು, ಕುರ್ಮಾ ಮಾಡೋ ಪ್ರತಿ ಅಡುಗೆಮನೆಯೂ ಅಪರಾಧದ ಜಾಗ ಆಗ್ತಿತ್ತು.

ಭಂಗಿಯದ್ದೂ ಇಂಥದ್ದೇ ಕಥೆ. ಕಾಯ್ದೆಯ ಪ್ರಕಾರ ಗಾಂಜಾ ಅಂದ್ರೆ ಗಿಡದ ಹೂವಿನ ಅಥವಾ ಕಾಯಿಯ ತುದಿ. ತುದಿ ಜೊತೆಗಿಲ್ಲದ ಬರೀ ಎಲೆ, ಬೀಜ ಅದರೊಳಗೆ ಬರೋದಿಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಅರ್ಜಿಯಲ್ಲಿ, ಎಲೆಯಿಂದ ಮಾಡಿದ ಭಂಗಿ ಎನ್‌ಡಿಪಿಎಸ್ ವ್ಯಾಪ್ತಿಗೆ ಬರೋದಿಲ್ಲ ಅಂತ ಹೇಳಿದ್ದು ಈ ವ್ಯಾಖ್ಯಾನದ ಮೇಲೆಯೇ. ಹಾಗಂತ ಭಂಗಿ ಪೂರ್ತಿ ಸ್ವತಂತ್ರ ಅಂತ ತಿಳ್ಕೋಬೇಡಿ, ಅದರ ಮೇಲೆ ರಾಜ್ಯಗಳ ಅಬಕಾರಿ ಕಾನೂನುಗಳಿವೆ.

ಮದ್ಯ, ತಂಬಾಕು ಈ ಮೂರೂ ಡಬ್ಬದಲ್ಲಿಲ್ಲ ಅನ್ನೋದನ್ನೂ ಗಮನಿಸಿ. ಮದ್ಯ ರಾಜ್ಯದ ಅಬಕಾರಿ ಇಲಾಖೆಗೆ, ತಂಬಾಕು 2003ರ ಬೇರೆ ಕಾಯ್ದೆಗೆ. ಬ್ರಿಟನ್ನಿನ ಪ್ರೊಫೆಸರ್ ಡೇವಿಡ್ ನಟ್ ಮತ್ತು ಜೊತೆಗಾರರು 2007ರಲ್ಲಿ 20 ವಸ್ತುಗಳನ್ನು ಹಾನಿಯ ಪ್ರಕಾರ ಜೋಡಿಸಿದಾಗ ಮದ್ಯ 5ನೇ ಸ್ಥಾನದಲ್ಲಿತ್ತು, ತಂಬಾಕು 9ನೇ ಸ್ಥಾನದಲ್ಲಿತ್ತು. ಅವರು ಸರ್ಕಾರದ ಸಲಹಾ ಮಂಡಳಿಯ ಅಧ್ಯಕ್ಷರಾಗಿದ್ದರು. ಸರ್ಕಾರದ ವರ್ಗೀಕರಣವನ್ನು ಬಹಿರಂಗವಾಗಿ ಟೀಕಿಸಿದ ಮೇಲೆ 2009ರಲ್ಲಿ ಆ ಸ್ಥಾನದಿಂದ ತೆಗೆದುಹಾಕಿದರು. ಕಾನೂನಿನ ಪಟ್ಟಿ ಹಾನಿಯ ಪಟ್ಟಿಯಷ್ಟೇ ಆಗಿರಲ್ಲ, ಅದರೊಳಗೆ ಇತಿಹಾಸ, ರೂಢಿ, ರಾಜಕೀಯ ಎಲ್ಲ ಬೆರೆತಿರುತ್ತೆ.

ತೂಕದ ಲೆಕ್ಕ

1985ರ ಮೂಲ ಕಾಯ್ದೆಯಲ್ಲಿ ಸ್ವಂತ ಬಳಕೆಯ ಸಣ್ಣ ಪ್ರಮಾಣ ಬಿಟ್ಟರೆ ಉಳಿದ ಬಹುತೇಕ ಅಪರಾಧಕ್ಕೆ ಕನಿಷ್ಠ ಹತ್ತು ವರ್ಷ ಶಿಕ್ಷೆ ಇತ್ತು. 2001ರ ತಿದ್ದುಪಡಿ ತೂಕದ ಮೇಲೆ ಮೂರು ಮೆಟ್ಟಿಲು ಮಾಡಿತು: ಅಲ್ಪ ಪ್ರಮಾಣ, ಮಧ್ಯಮ, ವಾಣಿಜ್ಯ ಪ್ರಮಾಣ. ನಮ್ಮ ಅಫೀಮಿನ ಗಿಡದ ಮನೆಯವರನ್ನೇ ಸಾಲಾಗಿ ನಿಲ್ಲಿಸಿ ನೋಡೋಣ.

- ಗಸಗಸೆ: ಪಟ್ಟಿಯಲ್ಲೇ ಇಲ್ಲ
- ಪಾಪಿ ಸ್ಟ್ರಾ: ಅಲ್ಪ 1 ಕೆಜಿ, ವಾಣಿಜ್ಯ 50 ಕೆಜಿ
- ಅಫೀಮು: ಅಲ್ಪ 25 ಗ್ರಾಂ, ವಾಣಿಜ್ಯ 2.5 ಕೆಜಿ
- ಕೊಡೀನ್: ಅಲ್ಪ 10 ಗ್ರಾಂ, ವಾಣಿಜ್ಯ 1 ಕೆಜಿ
- ಮಾರ್ಫಿನ್: ಅಲ್ಪ 5 ಗ್ರಾಂ, ವಾಣಿಜ್ಯ 250 ಗ್ರಾಂ
- ಹೆರಾಯಿನ್: ಅಲ್ಪ 5 ಗ್ರಾಂ, ವಾಣಿಜ್ಯ 250 ಗ್ರಾಂ

ಬೇರೆ ಗುಂಪಿನವು: ಗಾಂಜಾ 1 ಕೆಜಿ ಮತ್ತು 20 ಕೆಜಿ. ಎಂಡಿಎಂಎ ಅರ್ಧ ಗ್ರಾಂ ಮತ್ತು 10 ಗ್ರಾಂ. ಎಲ್‌ಎಸ್‌ಡಿ 2 ಮಿಲಿಗ್ರಾಂ ಮತ್ತು 100 ಮಿಲಿಗ್ರಾಂ, ಅಂದ್ರೆ ಒಂದು ಚಿಟಿಕೆ ಉಪ್ಪಿಗಿಂತಲೂ ಕಡಿಮೆ ತೂಕಕ್ಕೆ ವಾಣಿಜ್ಯ ಪ್ರಮಾಣದ ಶಿಕ್ಷೆ.

ಶಿಕ್ಷೆ ಹೀಗಿದೆ. ಅಲ್ಪ ಪ್ರಮಾಣಕ್ಕೆ ಒಂದು ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಧ್ಯಮಕ್ಕೆ ಹತ್ತು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10, ಗರಿಷ್ಠ 20 ವರ್ಷ, ದಂಡ ಒಂದರಿಂದ ಎರಡು ಲಕ್ಷ. ಇಲ್ಲಿ ಜಾಮೀನು ಸಿಗೋದೂ ತುಂಬಾ ಕಷ್ಟ.

"ಒಂದು ಕೆಜಿವರೆಗೆ ಗಾಂಜಾ ಇಟ್ಕೋಬಹುದಂತೆ" ಅನ್ನೋ ಮಾತು ಪೂರ್ತಿ ತಪ್ಪು. ಅಲ್ಪ ಪ್ರಮಾಣ ಅಂದ್ರೆ ಅನುಮತಿ ಇರೋ ಪ್ರಮಾಣ ಅಲ್ಲ. ಅದು ಶಿಕ್ಷೆಯ ಮೊದಲ ಮೆಟ್ಟಿಲು.

ಈಗ ಒಂದು ಲೆಕ್ಕ ಬಿಡಿಸೋಣ. ಒಬ್ಬನ ಹತ್ತಿರ 4 ಕೆಜಿ ಪುಡಿ ಸಿಕ್ಕಿತು ಅಂದುಕೊಳ್ಳಿ. ಲ್ಯಾಬ್ ರಿಪೋರ್ಟಿನಲ್ಲಿ ಹೆರಾಯಿನ್ ಅಂಶ ಶೇಕಡಾ 1.5, ಉಳಿದದ್ದು ಬೇರೆ ಪುಡಿ. ಶುದ್ಧ ಹೆರಾಯಿನ್ 4000 ಗುಣಿಸು 0.015, ಅಂದ್ರೆ 60 ಗ್ರಾಂ. ಇದು 5 ಮತ್ತು 250ರ ನಡುವೆ, ಹಾಗಾಗಿ ಮಧ್ಯಮ. 2008ರಲ್ಲಿ ಸುಪ್ರೀಂ ಕೋರ್ಟ್ ಶುದ್ಧ ಅಂಶವನ್ನೇ ಲೆಕ್ಕ ಹಿಡಿಯಬೇಕು ಅಂದಿತ್ತು. ಆದರೆ 2020ರ ಏಪ್ರಿಲ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ಬದಲಾಯಿಸಿ, ಬೆರಕೆಯೂ ಸೇರಿದ ಒಟ್ಟು ತೂಕವೇ ಲೆಕ್ಕ ಅಂತ ಹೇಳಿತು. ಈಗ ಅದೇ ಪುಡಿ 4 ಕೆಜಿ, ನೇರ ವಾಣಿಜ್ಯ ಪ್ರಮಾಣ. ಪುಡಿ ಬದಲಾಗಲಿಲ್ಲ, ಸೂತ್ರ ಬದಲಾಯಿತು. ಒಬ್ಬ ಮನುಷ್ಯನ ಕನಿಷ್ಠ ಹತ್ತು ವರ್ಷ ಆ ಸೂತ್ರದ ಮೇಲೆ ನಿಂತಿದೆ.

ಮಾತ್ರೆ ಪಟ್ಟಿಯ ಮೇಲಿನ ಕೆಂಪು ಅಕ್ಷರ

ಎನ್‌ಡಿಪಿಎಸ್ ಜೊತೆಗೆ ಇನ್ನೊಂದು ಕಾನೂನು ಪಕ್ಕದಲ್ಲೇ ಕೆಲಸ ಮಾಡುತ್ತೆ: 1945ರ ಔಷಧಿ ನಿಯಮಗಳು. ಮೆಡಿಕಲ್ ಶಾಪಿನಲ್ಲಿ ಏನನ್ನು ಹೇಗೆ ಮಾರಬೇಕು ಅನ್ನೋದು ಇದರಲ್ಲಿದೆ. ಮನೆಯಲ್ಲಿರೋ ಔಷಧಿ ಡಬ್ಬಿ ತೆಗೆದು ನೋಡಿ. ಎಡಗಡೆ ಮೇಲೆ "ಆರ್‌ಎಕ್ಸ್" ಅಂತಿದ್ದರೆ ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧಿ. ಕೆಂಪು "ಆರ್‌ಎಕ್ಸ್" ಜೊತೆ ಚೌಕದೊಳಗೆ ಎಚ್ಚರಿಕೆ ಇದ್ದರೆ ಅದು 2014ರಿಂದ ಜಾರಿಯಲ್ಲಿರೋ ಎಚ್1 ಪಟ್ಟಿಯದ್ದು. ಅಂಗಡಿಯವರು ಅದಕ್ಕೆ ಬೇರೆ ರಿಜಿಸ್ಟರ್ ಇಟ್ಟು ಮೂರು ವರ್ಷ ಕಾಪಾಡಬೇಕು. ಕೆಂಪು "ಎನ್‌ಆರ್‌ಎಕ್ಸ್" ಇದ್ದರೆ ಅದು ಎನ್‌ಡಿಪಿಎಸ್ ಕಾಯ್ದೆಗೂ ಬರುತ್ತೆ. ಕೆಂಪು "ಎಕ್ಸ್‌ಆರ್‌ಎಕ್ಸ್" ಇದ್ದರೆ ಎಲ್ಲಕ್ಕಿಂತ ಬಿಗಿ, ವೈದ್ಯರು ಎರಡು ಪ್ರತಿಯಲ್ಲಿ ಚೀಟಿ ಬರೆಯಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು.

ಕೊಡೀನ್ ಸಿರಪ್ಪಿಗೆ ಮಿತಿಯೊಳಗೆ ವಿನಾಯಿತಿ ಇದೆ: ಬೇರೆ ಔಷಧಿ ಜೊತೆ ಬೆರೆತಿರಬೇಕು, ಒಂದು ಡೋಸಿಗೆ 100 ಮಿಲಿಗ್ರಾಂ ಮೀರಬಾರದು, ಸಾಂದ್ರತೆ ಶೇಕಡಾ 2.5 ದಾಟಬಾರದು, ಚಿಕಿತ್ಸೆಯಲ್ಲಿ ಬಳಕೆಯಲ್ಲಿರಬೇಕು. ಆದರೆ ದಾಖಲೆ ಇಲ್ಲದೆ ಸಾವಿರಾರು ಬಾಟಲಿ ಸಾಗಿಸಿದವರು ಇದೇ ವಿನಾಯಿತಿ ತೋರಿಸಿ ಜಾಮೀನು ಕೇಳಿದಾಗ 2012ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ವಿನಾಯಿತಿ ಇರೋದು ಕೆಮ್ಮಿಗೆ, ಧಂದೆಗೆ ಅಲ್ಲ.

ಬಿಗಿ ಜಾಸ್ತಿಯಾದರೆ ನೋವು ಯಾರಿಗೆ?

1961ರ ಒಪ್ಪಂದದ ಮುನ್ನುಡಿಯಲ್ಲೇ, ನೋವಿನ ಪರಿಹಾರಕ್ಕೆ ಈ ಔಷಧಿಗಳು ಅನಿವಾರ್ಯ, ಅವು ಸಿಗುವಂತೆ ನೋಡಿಕೊಳ್ಳಬೇಕು ಅನ್ನೋ ಮಾತಿದೆ. ಮಾರ್ಫಿನ್ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಆದರೆ 1985ರ ನಂತರ ಭಾರತದಲ್ಲಿ ಮಾರ್ಫಿನ್ನಿನ ವೈದ್ಯಕೀಯ ಬಳಕೆ ತೀವ್ರವಾಗಿ ಕುಸಿಯಿತು. ಒಂದು ಆಸ್ಪತ್ರೆ ಮಾರ್ಫಿನ್ ಇಟ್ಟುಕೊಳ್ಳಲು ಹಲವು ಇಲಾಖೆಗಳ ಲೈಸೆನ್ಸು ಬೇಕಿತ್ತು, ಒಂದು ಬರೋದರೊಳಗೆ ಇನ್ನೊಂದರ ಅವಧಿ ಮುಗಿಯುತ್ತಿತ್ತು. ಸಣ್ಣ ತಪ್ಪಾದರೂ ಹತ್ತು ವರ್ಷ ಜೈಲು ಅನ್ನೋ ಭಯದಲ್ಲಿ ಅಂಗಡಿಯವರು, ಆಸ್ಪತ್ರೆಯವರು ಇದರ ಸಹವಾಸವೇ ಬೇಡ ಅಂದರು. ಅಫೀಮು ಬೆಳೆದು ಬೇರೆ ದೇಶಗಳಿಗೆ ಕಳಿಸೋ ದೇಶದಲ್ಲೇ, ಕ್ಯಾನ್ಸರ್ ರೋಗಿಗಳು ಮಾರ್ಫಿನ್ ಸಿಗದೆ ನರಳಿದರು.

ಉಪಶಾಮಕ ಆರೈಕೆಯ ವೈದ್ಯರು ವರ್ಷಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. "ಅಗತ್ಯ ಮಾದಕ ಔಷಧಿಗಳು" ಅನ್ನೋ ಹೊಸ ಡಬ್ಬ ಸೃಷ್ಟಿಯಾಯಿತು. ಮಾರ್ಫಿನ್, ಕೊಡೀನ್, ಫೆಂಟನಿಲ್, ಮೆಥಡೋನ್, ಆಕ್ಸಿಕೊಡೋನ್, ಹೈಡ್ರೊಕೊಡೋನ್ ಇದರಲ್ಲಿ ಬಂದವು. ಈಗ ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ಆಸ್ಪತ್ರೆ ಇವನ್ನು ಇಟ್ಟುಕೊಳ್ಳಬಹುದು, ದೇಶಕ್ಕೆಲ್ಲ ಒಂದೇ ನಿಯಮ. ಅಣು ಅದೇ, ಡಬ್ಬ ಬದಲಾಯಿತು. ಹಾಸಿಗೆ ಹಿಡಿದ ರೋಗಿಗೆ ರಾತ್ರಿ ನಿದ್ದೆ ಬರುತ್ತೋ ಇಲ್ಲವೋ ಅನ್ನೋದು ಅದರ ಮೇಲೆ ನಿಂತಿದೆ.

ಗಡಿ ದಾಟುವಾಗ

ಎಂಎಸ್ ಮಾಡೋಕೆ, ಕೆಲಸಕ್ಕೆ ಹೊರದೇಶಕ್ಕೆ ಹೋಗೋರು ನಮ್ಮಲ್ಲಿ ತುಂಬಾ ಜನ ಇದ್ದೀವಿ. ವಿಮಾನ ಹತ್ತಿದ ಮೇಲೆ ನಮ್ಮ ಡಬ್ಬಗಳು ಕೆಲಸಕ್ಕೆ ಬರೋದಿಲ್ಲ, ಇಳಿಯೋ ದೇಶದ್ದು ಲೆಕ್ಕ. ಸಿಂಗಾಪುರ, ಯುಎಇ, ಸೌದಿ ಅರೇಬಿಯಾಗಳಿಗೆ ಗಸಗಸೆಯನ್ನೇ ತೆಗೆದುಕೊಂಡು ಹೋಗುವಂತಿಲ್ಲ. ಅಮ್ಮ ಕಟ್ಟಿಕೊಟ್ಟ ಮಸಾಲೆ ಡಬ್ಬಿಯಲ್ಲಿ ಅದಿದ್ದರೆ ಮೊದಲೇ ತೆಗೆದಿಡಿ. ಅಮೆರಿಕದಲ್ಲಿ ಏಕಾಗ್ರತೆಯ ಸಮಸ್ಯೆಗೆ ವೈದ್ಯರು ಬರೆಯುವ ಆಂಫೆಟಮೀನ್ ಮಾತ್ರೆಯನ್ನು ಜಪಾನಿಗೆ ಒಯ್ಯೋದು ಚೀಟಿ ಇದ್ದರೂ ಅಪರಾಧ. ಯಾವುದೇ ಕೆಂಪು ಅಕ್ಷರದ ಮಾತ್ರೆ ಒಯ್ಯಬೇಕಾದರೆ ಚೀಟಿ ಜೊತೆಗಿರಲಿ, ಆ ದೇಶದ ನಿಯಮ ಮೊದಲೇ ನೋಡಿ.

ನೆನಪಿಡಬೇಕಾದ್ದು

ಕಾನೂನಿನ ವರ್ಗೀಕರಣ ಬರೀ ರಸಾಯನಶಾಸ್ತ್ರ ಅಲ್ಲ. ಗಿಡದ ಯಾವ ಭಾಗ, ಎಷ್ಟು ತೂಕ, ಯಾವ ಉದ್ದೇಶ, ಯಾವ ದೇಶ ಅನ್ನೋ ನಾಲ್ಕು ಪ್ರಶ್ನೆಗಳ ಉತ್ತರ ಅದು. ಅದು ಬದಲಾಗುತ್ತೆ, ಬದಲಾಗಬೇಕು ಅಂತ ವಾದಿಸೋ ಹಕ್ಕೂ ನಮಗಿದೆ. ಆದರೆ ಇವತ್ತಿರೋ ಕಾನೂನು ಇವತ್ತು ಅನ್ವಯಿಸುತ್ತೆ.

ಹಾಸ್ಟೆಲ್, ಪಿಜಿಯಲ್ಲಿರೋರು ಎರಡು ಮಾತು ಗಮನಿಸಿ. "ಸುಮ್ನೆ ಒಂದು ಪ್ಯಾಕೆಟ್ ಇಟ್ಕೊಂಡಿರು ಮಗಾ" ಅಂತ ಯಾರಾದರೂ ಕೊಟ್ಟರೆ, ಒಳಗೆ ಏನಿದೆ ಅಂತ ಗೊತ್ತಿರಲಿಲ್ಲ ಅನ್ನೋದನ್ನು ಕೋರ್ಟಿನಲ್ಲಿ ನಾವೇ ಸಾಬೀತು ಮಾಡಬೇಕಾಗಿ ಬರಬಹುದು. ಸೆಕ್ಷನ್ 35 ಆ ಹೊರೆಯನ್ನು ಆರೋಪಿಯ ತಲೆ ಮೇಲೆ ಹಾಕುತ್ತೆ. ಗೊತ್ತಿದ್ದೂ ರೂಮಿನಲ್ಲಿ ಇಡಲು ಬಿಟ್ಟರೆ ಸೆಕ್ಷನ್ 25 ಇದೆ.

ಇನ್ನೊಂದು, ಯಾರಾದರೂ ಗೆಳೆಯರು ಈಗಾಗಲೇ ಚಟಕ್ಕೆ ಬಿದ್ದಿದ್ದರೆ ಕಾಯ್ದೆಯಲ್ಲೇ ಅವರಿಗೊಂದು ಬಾಗಿಲು ಇದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿರುವ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಇರೋ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ, ಸೆಕ್ಷನ್ 64ಎ ಪ್ರಕಾರ ವಿಚಾರಣೆಯಿಂದ ವಿನಾಯಿತಿ ಸಿಗುತ್ತೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಅದನ್ನು ಹಿಂದಕ್ಕೆ ಪಡೆಯಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446, ಕರೆ ಉಚಿತ. ಈ ಲೇಖನದಲ್ಲಿ ಬೇರೆ ಅಂಕಿ ಎಲ್ಲ ಮರೆತರೂ ಪರವಾಗಿಲ್ಲ, ಈ ಐದು ಅಂಕಿ ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.